ಒಂದೇ ಫೈಲಲ್ಲಿ ಎಲ್ಲ ತುಂಬಿರುವ ವೆಬ್ ಆ್ಯಪ್: ಬಿಡಿಸೋದು ಎಲ್ಲಿಂದ ಶುರು ಮಾಡಲಿ?

ಬಿಡಿಎಳೆ

ಎಲ್ಲರಿಗೂ ನಮಸ್ಕಾರ. ಕೋರ್ಸ್‌ಗಳಿಗೆ ಹೆಸರು ನೋಂದಾಯಿಸುವ ಒಂದು ವೆಬ್ ಆ್ಯಪ್ ಈಗ ನನ್ನ ಕೈಗೆ ಬಂದಿದೆ. ಬರೆದವರು ಬೇರೆ ಕೆಲಸಕ್ಕೆ ಹೋಗಿದ್ದಾರೆ. ಪಿಎಚ್‌ಪಿ ಭಾಷೆಯಲ್ಲಿದೆ, ಕೆಳಗೆ ಮೈಎಸ್‌ಕ್ಯೂಎಲ್ ಡೇಟಾಬೇಸ್. ಚೆನ್ನಾಗಿಯೇ ಓಡುತ್ತಿದೆ, ಜನ ದಿನಾ ಬಳಸುತ್ತಾರೆ, ಅದಕ್ಕೇ ಕೈ ಹಾಕಲು ಭಯ.

ನೋಂದಣಿಯ ಫೈಲ್ ಒಂದನ್ನೇ ಹೇಳುತ್ತೇನೆ. ಫಾರ್ಮ್‌ನಲ್ಲಿ ಬಂದದ್ದನ್ನು ಓದುತ್ತದೆ, ಲಾಗಿನ್ ಆಗಿದ್ದಾರಾ ನೋಡುತ್ತದೆ, ಸೀಟು ಇದೆಯಾ ಅಂತ ಡೇಟಾಬೇಸನ್ನು ಕೇಳುತ್ತದೆ, ಶುಲ್ಕ ಲೆಕ್ಕ ಹಾಕುತ್ತದೆ, ಕೋರ್ಸ್ ಶುರುವಾಗೋಕೆ 15 ದಿನ ಮೊದಲೇ ಸೇರಿದವರಿಗೆ ಶೇ. 10 ರಿಯಾಯಿತಿ ಕಳೆಯುತ್ತದೆ, ಟೇಬಲ್‌ಗೆ ಸಾಲು ಸೇರಿಸುತ್ತದೆ, ಮೇಲ್ ಕಳಿಸುತ್ತದೆ, ಕೊನೆಗೆ ಅಲ್ಲೇ ಕೂತು ಎಚ್‌ಟಿಎಂಎಲ್ ಕೂಡ ಪ್ರಿಂಟ್ ಮಾಡುತ್ತದೆ. ನಡುನಡುವೆ ಇಫ್ ಒಳಗೆ ಇಫ್.

ಈಗ ಮೊಬೈಲ್ ಆ್ಯಪ್‌ಗೆ ಎಪಿಐ (ಬೇರೆ ಪ್ರೋಗ್ರಾಮ್‌ಗಳು ಇದನ್ನು ಕರೆಯುವ ದಾರಿ) ಬೇಕು ಅಂತಿದ್ದಾರೆ. ಸಿಎಸ್‌ವಿ ಫೈಲ್ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಪಟ್ಟಿ) ಹಾಕಿ ತುಂಬಾ ಜನರನ್ನು ಒಟ್ಟಿಗೆ ಸೇರಿಸುವ ಪುಟ ಮೊದಲೇ ಇದೆ, ಅದರಲ್ಲೂ ಇದೇ ರಿಯಾಯಿತಿ ಕೋಡ್ ಕಾಪಿ ಆಗಿದೆ. ರಾತ್ರಿ ಓಡುವ ಬಾಕಿ ಲೆಕ್ಕದ ಸ್ಕ್ರಿಪ್ಟಲ್ಲೂ ಇದೆ. ಮೂರೂ ಒಂದೇ ಇರಬೇಕು ಅಲ್ವಾ? ಇಲ್ಲ. ವೆಬ್ ಪುಟದಲ್ಲಿ "15 ಅಥವಾ ಜಾಸ್ತಿ", ರಾತ್ರಿಯ ಸ್ಕ್ರಿಪ್ಟಲ್ಲಿ "15ಕ್ಕಿಂತ ಜಾಸ್ತಿ". ಸರಿಯಾಗಿ 15 ದಿನ ಮೊದಲು ಸೇರಿದವರಿಗೆ ಪರದೆ ಮೇಲೆ ಒಂದು ಮೊತ್ತ ಕಾಣುತ್ತದೆ, ಬಾಕಿ ನೋಟಿಸ್‌ನಲ್ಲಿ ಇನ್ನೊಂದು ಬರುತ್ತದೆ.

ಟೀಮಲ್ಲಿ ಒಬ್ಬರು ಎಲ್ಲ ಬಿಟ್ಟು ಲಾರಾವೆಲ್ ಅನ್ನೋ ಪಿಎಚ್‌ಪಿ ಫ್ರೇಮ್‌ವರ್ಕ್‌ನಲ್ಲಿ (ಸಿದ್ಧ ಚೌಕಟ್ಟು) ಹೊಸದಾಗಿ ಬರೆಯೋಣ ಅಂತಾರೆ. ಇನ್ನೊಬ್ಬರು ಕಂಟ್ರೋಲರ್ (ರಿಕ್ವೆಸ್ಟ್ ತೆಗೆದುಕೊಳ್ಳೋದು), ಸರ್ವೀಸ್ (ನಿಯಮಗಳು), ರೆಪಾಸಿಟರಿ (ಡೇಟಾಬೇಸ್ ಕೆಲಸ) ಅಂತ ಫೋಲ್ಡರ್ ಮಾಡಿ ಕೋಡನ್ನು ಹಂಚೋಣ ಅಂತಾರೆ. ಮೈಕ್ರೋಸರ್ವೀಸ್, ಅಂದರೆ ಆ್ಯಪನ್ನು ನೆಟ್‌ವರ್ಕ್ ಮೇಲೆ ಮಾತಾಡುವ ಸಣ್ಣ ಸಣ್ಣ ಪ್ರೋಗ್ರಾಮ್‌ಗಳಾಗಿ ಒಡೆಯುವ ಮಾತೂ ಬಂತು. ಹೊಸ ಕೆಲಸ ನಿಲ್ಲಿಸೋಕೆ ಆಗಲ್ಲ, ಎಪಿಐ ಬೇಗ ಬೇಕು. ನೀವಾದರೆ ಮೊದಲು ಯಾವುದನ್ನು ಹೊರಗೆ ತೆಗೆಯುತ್ತೀರಿ?

ಅರ್ಧವಿರಾಮ

ಹೊಸದಾಗಿ ಬರೆಯೋದು ಬೇಡ. ಓಡುತ್ತಿರುವ ಆ್ಯಪ್‌ನಲ್ಲಿ ಎಲ್ಲೂ ಬರೆದಿಡದ ಎಷ್ಟೋ ನಿಯಮಗಳು ಕೋಡ್ ಒಳಗೇ ಇರುತ್ತವೆ, ಹೊಸದು ಬರೆಯುವಾಗ ಅವು ಸದ್ದಿಲ್ಲದೆ ಬಿಟ್ಟುಹೋಗುತ್ತವೆ, ಆಮೇಲೆ ಯಾರೋ ಫೋನ್ ಮಾಡಿದಾಗಲೇ ಗೊತ್ತಾಗೋದು. ಮೈಕ್ರೋಸರ್ವೀಸ್ ಅಂತೂ ಈಗ ಬೇಡವೇ ಬೇಡ. ಒಂದು ಪ್ರೋಗ್ರಾಮ್ ಒಳಗೆ ಬಿಡಿಸಲಾಗದ ಗಂಟನ್ನು ನೆಟ್‌ವರ್ಕ್ ಮೇಲೆ ಹರಡಿದರೆ ಗಂಟು ಹಾಗೇ ಇರುತ್ತದೆ, ಜೊತೆಗೆ ಟೈಮ್‌ಔಟ್‌ಗಳೂ ಸೇರಿಕೊಳ್ಳುತ್ತವೆ.

ಫೋಲ್ಡರ್ ವಿಷಯ ಆಮೇಲೆ. ಮೊದಲು ಆ ಫೈಲ್ ತೆರೆದು ಪ್ರತಿ ಸಾಲು ನೋಡುವಾಗಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಬದಲಿಸಿ ಅಂತ ಯಾರು ಬಂದು ಹೇಳುತ್ತಾರೆ? ರಿಯಾಯಿತಿ ಬದಲಿಸಿ ಅನ್ನೋರು ಶುಲ್ಕ ನೋಡಿಕೊಳ್ಳುವವರು. ಬಟನ್ ಮೇಲಕ್ಕೆ ತನ್ನಿ ಅನ್ನೋರು ಡಿಸೈನ್ ಮಾಡುವವರು. ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ನಿಧಾನ ಆಯಿತು ಅಂತ ಟೇಬಲ್ ಬದಲಿಸೋರು ಡೇಟಾಬೇಸ್ ನೋಡುವವರು. ಬೇರೆ ಬೇರೆ ಜನ ಬೇರೆ ಬೇರೆ ಸಮಯಕ್ಕೆ ಕೇಳುವ ಬದಲಾವಣೆಗಳೆಲ್ಲ ಒಂದೇ ಫಂಕ್ಷನ್‌ನಲ್ಲಿ ಹೆಣೆದುಕೊಂಡಿವೆ. ನಿಮ್ಮ ಭಯ ಅಲ್ಲಿಂದಲೇ ಬರುತ್ತಿರೋದು.

ಇದು ಹಳೇ ವಿಚಾರ. ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಾಸ್ 1972ರಲ್ಲೇ ಒಂದು ಸಣ್ಣ ಪ್ರೋಗ್ರಾಮನ್ನು ಎರಡು ರೀತಿ ಒಡೆದು ತೋರಿಸಿದ್ದರು. ಮೊದಲನೆಯದು ಕೆಲಸ ನಡೆಯುವ ಕ್ರಮದಲ್ಲಿ: ಓದು, ಜೋಡಿಸು, ಪ್ರಿಂಟ್ ಮಾಡು. ಎರಡನೆಯದರಲ್ಲಿ, ಮುಂದೆ ಬದಲಾಗಬಹುದಾದ ಒಂದೊಂದು ತೀರ್ಮಾನವನ್ನೂ ಒಂದೊಂದು ಮಾಡ್ಯೂಲ್ ಒಳಗೆ ಮುಚ್ಚಿಟ್ಟರು. ಡೇಟಾ ಇಡುವ ರೀತಿ ಬದಲಾದರೆ ಮೊದಲನೆಯದರಲ್ಲಿ ಹೆಚ್ಚುಕಡಿಮೆ ಎಲ್ಲ ಮಾಡ್ಯೂಲ್‌ಗಳನ್ನೂ ಮುಟ್ಟಬೇಕು, ಎರಡನೆಯದರಲ್ಲಿ ಒಂದನ್ನು ಮುಟ್ಟಿದರೆ ಸಾಕು. ನಿಮ್ಮ ಫೈಲ್ ಮೊದಲನೇ ಜಾತಿಯದು. 1974ರಲ್ಲಿ ಇನ್ನೊಬ್ಬ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಹೇಳಿದ್ದೂ ಇದರ ಹತ್ತಿರದ್ದೇ: ಒಂದು ಸಲಕ್ಕೆ ಒಂದೇ ಮುಖದ ಮೇಲೆ ಗಮನ ಇಡು, ಉಳಿದವು ಇಲ್ಲ ಅಂತಲ್ಲ, ಈ ಹೊತ್ತಿಗೆ ಅವು ಬೇಡ ಅಷ್ಟೇ.

ಈಗ ಕೆಲಸಕ್ಕೆ ಬರೋಣ. ನಾನಾದರೆ ಮೊದಲು ಹೊರಗೆ ತೆಗೆಯೋದು ಶುಲ್ಕದ ಲೆಕ್ಕ. ಮೂರು ಕಡೆ ಕಾಪಿ ಆಗಿದೆ, ತಪ್ಪಾದರೆ ದುಡ್ಡಿನ ವಿಷಯ, ಮತ್ತೆ ಅದಕ್ಕೆ ಡೇಟಾಬೇಸಾಗಲಿ ಎಚ್‌ಟಿಎಂಎಲ್ ಆಗಲಿ ಬೇಕೇ ಇಲ್ಲ. ಹೀಗೆ ಬರೆಯುತ್ತೇನೆ, ಯಾವ ಭಾಷೆಯಲ್ಲಾದರೂ ಆಕಾರ ಇದೇ:

    ಶುಲ್ಕ_ಲೆಕ್ಕ(ಮೂಲ_ಶುಲ್ಕ, ಶುರುವಾಗುವ_ದಿನ, ಸೇರಿದ_ದಿನ):
        ಉಳಿದ_ದಿನ = ಶುರುವಾಗುವ_ದಿನ - ಸೇರಿದ_ದಿನ
        ಉಳಿದ_ದಿನ >= 15 ಆದರೆ:
            ಮೂಲ_ಶುಲ್ಕ - (ಮೂಲ_ಶುಲ್ಕದ 10%) ಕೊಡು
        ಇಲ್ಲದಿದ್ದರೆ:
            ಮೂಲ_ಶುಲ್ಕ ಕೊಡು

ಸೇರಿದ ದಿನವನ್ನು ಹೊರಗಿಂದ ಕೊಟ್ಟಿದ್ದೇನೆ, ಗಮನಿಸಿ. ಫಂಕ್ಷನ್ ತಾನೇ ಗಡಿಯಾರ ನೋಡಬಾರದು. ನಿಮ್ಮ ಹಳೇ ಕೋಡ್ ಒಳಗೇ "ಇವತ್ತು ಯಾವ ದಿನ" ಅಂತ ಕೇಳುತ್ತಿದ್ದರೆ ಇನ್ನೊಂದು ಬಗ್ ಕೂಡ ಅಲ್ಲೇ ಇರಬೇಕು, ಒಮ್ಮೆ ನೋಡಿ. ರಾತ್ರಿಯ ಸ್ಕ್ರಿಪ್ಟ್ 12 ಗಂಟೆ ದಾಟಿದ ಮೇಲೆ ಓಡಿದರೆ ಅದರ "ಇವತ್ತು" ಬೇರೆ, ಆ ವ್ಯಕ್ತಿ ಸೇರಿದ ದಿನ ಬೇರೆ. ವೆಬ್ ಪುಟದಲ್ಲಿ ಎರಡೂ ಒಂದೇ ಆಗಿರೋದರಿಂದ ಯಾರಿಗೂ ಕಂಡಿರಲ್ಲ.

ಇದಕ್ಕೆ ಟೆಸ್ಟ್ ಬರೆಯೋದು ಸುಲಭ: 14 ದಿನ, 15 ದಿನ, 16 ದಿನ. ಸರ್ವರ್ ಬೇಡ, ಡೇಟಾಬೇಸ್ ಬೇಡ. ಆಮೇಲೆ ಮೂರೂ ಕಡೆ ಹಳೇ ಸಾಲು ಅಳಿಸಿ ಇದನ್ನು ಕರೆಯಿರಿ. ಅಷ್ಟಕ್ಕೇ ಒಂದು ರಿಲೀಸ್ ಮಾಡಿ.

ಹಳೇಟರ್ಮಿನಲ್

ಮೇಲಿನ ಉತ್ತರ ಸರಿಯಾಗಿದೆ. ಫೋಲ್ಡರ್ ಬಗ್ಗೆ ನಾನು ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಟೀಮ್‌ಗಳಲ್ಲಿ ಅರ್ಧ ಜಗಳ ಅದರ ಮೇಲೇ ಆಗೋದು.

ಕಂಟ್ರೋಲರ್, ಮಾಡೆಲ್, ವ್ಯೂ ಅಂತ ಫೋಲ್ಡರ್ ಮಾಡಿ ಫೈಲ್‌ಗಳನ್ನು ಹಂಚಿದ ಮಾತ್ರಕ್ಕೆ ಕೋಡ್ ಬೇರೆಯಾಗೋದಿಲ್ಲ. ಈ ಮಾಡೆಲ್-ವ್ಯೂ-ಕಂಟ್ರೋಲರ್ (ಡೇಟಾ, ಅದನ್ನು ತೋರಿಸೋದು, ಬಳಸುವವರ ಇನ್‌ಪುಟ್ ತೆಗೆದುಕೊಳ್ಳೋದು), ಅಂದರೆ ಎಂವಿಸಿ, ಹುಟ್ಟಿದ್ದು 1979ರ ಹೊತ್ತಿಗೆ, ಝೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ, ಟ್ರಿಗ್ವೆ ರೀನ್ಸ್‌ಕೌಗ್ ಕೈಯಲ್ಲಿ. ಆಗ ವೆಬ್ ಅನ್ನೋದೇ ಇರಲಿಲ್ಲ. ಸ್ಮಾಲ್‌ಟಾಕ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದೇ ಡೇಟಾವನ್ನು ಪರದೆ ಮೇಲೆ ಹಲವು ರೀತಿ ತೋರಿಸೋಕೆ, ಬದಲಿಸೋಕೆ ಮಾಡಿದ ಏರ್ಪಾಡು ಅದು. ವೆಬ್ ಫ್ರೇಮ್‌ವರ್ಕ್‌ಗಳು ಆಮೇಲೆ ಅದನ್ನು ತಮಗೆ ಬೇಕಾದ ಹಾಗೆ ಬಗ್ಗಿಸಿಕೊಂಡವು. ಹಾಗಾಗಿ ಮೂರು ಫೋಲ್ಡರ್‌ನಲ್ಲಿ ಎಲ್ಲವೂ ಹಿಡಿಸಬೇಕು ಅಂತ ಹಟ ಬೇಡ. ಲಾರಾವೆಲ್‌ಗೆ ಹೋದರೂ ನೀವು ಹೇಳಿದ ಫೈಲನ್ನು ಹಾಗೇ ಎತ್ತಿ ಒಂದು ಕಂಟ್ರೋಲರ್ ಮೆಥಡ್ ಒಳಗೆ ಇಡಬಹುದು, ಫ್ರೇಮ್‌ವರ್ಕ್ ತಡೆಯೋದಿಲ್ಲ.

ಇನ್ನೊಂದು. ಫೈಲ್‌ಗಳನ್ನು ಜಾತಿ ಪ್ರಕಾರ ಜೋಡಿಸಿದರೆ ನೋಂದಣಿಯಲ್ಲಿ ಒಂದು ಸಣ್ಣ ಬದಲಾವಣೆಗೆ ಐದಾರು ಫೋಲ್ಡರ್ ಓಡಾಡಬೇಕಾಗುತ್ತದೆ. ವಿಷಯದ ಪ್ರಕಾರ ಜೋಡಿಸಿ: ನೋಂದಣಿ, ಶುಲ್ಕ, ಹಾಜರಾತಿ. ಒಂದೊಂದರ ಒಳಗೆ ಅದಕ್ಕೆ ಬೇಕಾದ ಪುಟ, ನಿಯಮ, ಕ್ವೆರಿ ಮೂರೂ ಹತ್ತಿರದಲ್ಲೇ ಇರಲಿ, ಆದರೆ ಬೇರೆ ಬೇರೆ ಫೈಲ್‌ನಲ್ಲಿ.

2013ರಲ್ಲಿ ವೆಬ್ ಪುಟ ಕಟ್ಟುವ ರಿಯಾಕ್ಟ್ ಲೈಬ್ರರಿ ಬಂದಾಗ ಇದೇ ಚರ್ಚೆ ಜೋರಾಗಿತ್ತು. ಎಚ್‌ಟಿಎಂಎಲ್ ತರದ್ದನ್ನು ಜಾವಾಸ್ಕ್ರಿಪ್ಟ್ ಒಳಗೇ ಬರೆಯೋದಾ, ಇಷ್ಟು ವರ್ಷ ಕಷ್ಟಪಟ್ಟು ಬೇರೆ ಮಾಡಿದ್ದನ್ನು ಮತ್ತೆ ಬೆರೆಸಿಬಿಟ್ಟರಲ್ಲಾ ಅಂತ ಎಷ್ಟೋ ಜನ ಬೇಸರ ಮಾಡಿಕೊಂಡರು. ಒಂದು ಬಟನ್‌ನ ರೂಪ, ಒತ್ತಿದಾಗ ಅದು ಮಾಡುವ ಕೆಲಸ ಎರಡೂ ಸಾಮಾನ್ಯವಾಗಿ ಒಟ್ಟಿಗೇ ಬದಲಾಗುತ್ತವೆ, ಅವು ಒಂದೇ ಕಡೆ ಇದ್ದರೆ ತಪ್ಪೇನಿಲ್ಲ. ಆದರೆ ಅದೇ ಕಾಂಪೊನೆಂಟ್ (ಪುಟದ ಬಿಡಿ ತುಂಡು) ಒಳಗೆ ಶೇ. 10 ರಿಯಾಯಿತಿ ಲೆಕ್ಕ ಬಂದು ಕೂತರೆ ಅದು ತಪ್ಪು. ಭಾಷೆ ಬೇರೆ ಇದೆ ಅಂತ ಬೇರೆ ಮಾಡೋದಲ್ಲ, ಬದಲಾಗುವ ಕಾರಣ ಬೇರೆ ಇದೆ ಅಂತ ಬೇರೆ ಮಾಡೋದು.

ನೀಲಿಕೊಡೆ

ನನ್ನದು ಸ್ವಲ್ಪ ಎಚ್ಚರಿಕೆಯ ಮಾತು. ಬೇರೆ ಮಾಡೋದು ಶುರುವಾದರೆ ನಿಲ್ಲಿಸೋದು ಕಷ್ಟ.

ಸರ್ವೀಸ್, ರೆಪಾಸಿಟರಿ ಪದರಗಳನ್ನು ಎಲ್ಲ ಟೇಬಲ್‌ಗೂ ಕಡ್ಡಾಯ ಮಾಡಿದ ಕೋಡ್ ಎಷ್ಟೋ ನೋಡಿದ್ದೇನೆ. ಕಂಟ್ರೋಲರ್ ಸರ್ವೀಸನ್ನು ಕರೆಯುತ್ತದೆ, ಸರ್ವೀಸ್ ಅದೇ ಹೆಸರಿನ ರೆಪಾಸಿಟರಿ ಮೆಥಡನ್ನು ಕರೆಯುತ್ತದೆ, ಅದು ಓಆರ್‌ಎಂನ (ಟೇಬಲ್ ಸಾಲುಗಳನ್ನು ಕೋಡ್‌ನ ಆಬ್ಜೆಕ್ಟ್ ಮಾಡಿ ಕೊಡುವ ಲೈಬ್ರರಿ) ಅದೇ ಹೆಸರಿನ ಮೆಥಡನ್ನು ಕರೆಯುತ್ತದೆ. ಮಧ್ಯದಲ್ಲಿ ಯಾರೂ ಏನೂ ಮಾಡುತ್ತಿಲ್ಲ, ಸುಮ್ನೆ ಕೈಯಿಂದ ಕೈಗೆ ದಾಟಿಸುತ್ತಿದ್ದಾರೆ. ಒಂದು ಕಾಲಂ ಸೇರಿಸಿದರೆ ನಾಲ್ಕೂ ಫೈಲ್ ಬದಲಾಗುತ್ತವೆ. ನಾಲ್ಕೂ ಒಟ್ಟಿಗೇ ಬದಲಾಗುತ್ತಿದ್ದರೆ ಅಲ್ಲಿ ಏನೂ ಬೇರೆಯಾಗಿಲ್ಲ ಅಂತಲೇ ಅರ್ಥ. ನಿಯಮ ಏನೂ ಇಲ್ಲದ ಪುಟದಲ್ಲಿ, ಉದಾಹರಣೆಗೆ ಕೋರ್ಸ್‌ಗಳ ಪಟ್ಟಿ ತೋರಿಸುವಲ್ಲಿ, ಕಂಟ್ರೋಲರ್ ನೇರವಾಗಿ ಕ್ವೆರಿ ಕರೆದರೆ ಸಾಕು.

ಮರುಬಳಕೆ ಅನ್ನೋದರಲ್ಲೂ ಹುಷಾರಾಗಿರಿ. ನೋಡೋಕೆ ಒಂದೇ ತರ ಇರೋದೆಲ್ಲ ಒಂದೇ ಅಲ್ಲ. ಸೇರುವವರ ಫೋನ್ ನಂಬರ್ ಪರೀಕ್ಷೆ, ಪಾಠ ಮಾಡುವವರ ಫೋನ್ ನಂಬರ್ ಪರೀಕ್ಷೆ ಇವತ್ತು ಸಾಲಿಗೆ ಸಾಲು ಒಂದೇ ಇರಬಹುದು. ಎರಡನ್ನೂ ಸೇರಿಸಿ ಒಂದು ಫಂಕ್ಷನ್ ಮಾಡುತ್ತೀರಿ. ನಾಳೆ ಪಾಠ ಮಾಡುವವರಿಗೆ ಎರಡು ನಂಬರ್ ಇರಬಹುದು ಅಂತ ಬರುತ್ತದೆ, ಒಂದು ಫ್ಲ್ಯಾಗ್ (ನಿಜ/ಸುಳ್ಳು ಅಂತ ಕೊಡುವ ಆಯ್ಕೆ) ಸೇರುತ್ತದೆ. ನಾಡಿದ್ದು ಸೇರುವವರ ನಂಬರ್ ಖಾಲಿ ಬಿಡಬಹುದು ಅಂತ ಬರುತ್ತದೆ, ಇನ್ನೊಂದು ಫ್ಲ್ಯಾಗ್. ಕೊನೆಗೆ "ನಿಜ, ಸುಳ್ಳು, ನಿಜ" ಅಂತ ಕೊಟ್ಟು ಕರೆಯುವ ಫಂಕ್ಷನ್ ಒಂದು ಉಳಿಯುತ್ತದೆ, ಅದನ್ನು ಮುಟ್ಟೋಕೆ ಯಾರಿಗೂ ಧೈರ್ಯ ಇರಲ್ಲ. ಶುಲ್ಕದ ಲೆಕ್ಕ ಹಾಗಲ್ಲ, ಅದು ಒಂದೇ ನಿಯಮ, ಮೂರು ಕಡೆಯೂ ಒಂದೇ ಉತ್ತರ ಬರಲೇಬೇಕು. ಈ ವ್ಯತ್ಯಾಸ ನೋಡಿಕೊಂಡು ತೀರ್ಮಾನ ಮಾಡಿ.

ಕಾಪಿ ಆದ ಮೂರನ್ನೂ ಒಂದು ಮಾಡುವ ಮೊದಲು ಮೂರೂ ಈಗ ಏನು ಉತ್ತರ ಕೊಡುತ್ತಿವೆ ಅಂತ ಬರೆದಿಟ್ಟುಕೊಳ್ಳಿ. ಸರಿಯೋ ತಪ್ಪೋ ಆಮೇಲೆ. ಹಳೇ ನೋಂದಣಿಗಳನ್ನು ತೆಗೆದುಕೊಂಡು ಮೂರರಲ್ಲೂ ಓಡಿಸಿ, ಎಲ್ಲಿ ಉತ್ತರ ಬೇರೆ ಬರುತ್ತದೋ ಆ ಪಟ್ಟಿ ಹಿಡಿದು ಶುಲ್ಕ ನೋಡುವವರ ಹತ್ತಿರ ಹೋಗಿ. 15ನೇ ದಿನ ಸೇರುತ್ತಾ ಇಲ್ವಾ ಅನ್ನೋದು ಪ್ರೋಗ್ರಾಮರ್ ತೀರ್ಮಾನ ಮಾಡುವ ವಿಷಯವೇ ಅಲ್ಲ.

ಬಿಡಿಎಳೆ

ಮೂವರಿಗೂ ತುಂಬಾ ಥ್ಯಾಂಕ್ಸ್. ಗಡಿಯಾರದ ಮಾತು ಸರಿಯಾಗಿ ತಾಗಿತು. ರಾತ್ರಿಯ ಸ್ಕ್ರಿಪ್ಟ್ ನೋಡಿದೆ, ಅದು ಸೇರಿದ ದಿನ ನೋಡುತ್ತಲೇ ಇಲ್ಲ, ಸ್ಕ್ರಿಪ್ಟ್ ಓಡಿದ ದಿನವನ್ನೇ ತೆಗೆದುಕೊಳ್ಳುತ್ತಿದೆ.

ಒಂದು ಅನುಮಾನ. ಶುಲ್ಕ ಹೊರಗೆ ತೆಗೆಯೋದು ಅರ್ಥ ಆಯಿತು. ಅದೇ ರೀತಿ "ಸೀಟು ಇದೆಯಾ" ಅನ್ನೋದನ್ನೂ ಒಂದು ಫಂಕ್ಷನ್ ಮಾಡಿ, "ಸಾಲು ಸೇರಿಸು" ಅನ್ನೋದನ್ನು ಇನ್ನೊಂದು ಮಾಡಿ, ಎಪಿಐ ಎರಡನ್ನೂ ಒಂದರ ಹಿಂದೆ ಒಂದು ಕರೆದರೆ ಆಗುತ್ತಾ? ಮತ್ತೆ ಮೇಲ್ ಕಳಿಸೋದು ಎಲ್ಲಿ ಇರಬೇಕು? ಸೀಟು ತುಂಬಿದಾಗ ಈಗಿನ ಕೋಡ್ ಬೇರೆ ಪುಟಕ್ಕೆ ರೀಡೈರೆಕ್ಟ್ ಮಾಡುತ್ತದೆ, ಎಪಿಐಗೆ ಅದು ಆಗಲ್ಲ ಅಲ್ವಾ?

ಅರ್ಧವಿರಾಮ

ಒಳ್ಳೇ ಪ್ರಶ್ನೆ, ಇಲ್ಲೇ ಜನ ಎಡವೋದು. ಸೀಟಿನ ವಿಷಯದಲ್ಲಿ ಹಾಗೆ ಎರಡು ಮಾಡಬೇಡಿ.

ಕೊನೆಯ ಒಂದು ಸೀಟು ಉಳಿದಿದೆ ಅಂತಿಟ್ಟುಕೊಳ್ಳಿ. ಇಬ್ಬರು ಒಂದೇ ಕ್ಷಣಕ್ಕೆ ಒತ್ತುತ್ತಾರೆ. ಇಬ್ಬರ ರಿಕ್ವೆಸ್ಟೂ "ಸೀಟು ಇದೆಯಾ" ಕೇಳುತ್ತವೆ, ಇಬ್ಬರಿಗೂ "ಇದೆ" ಅಂತ ಉತ್ತರ ಬರುತ್ತದೆ, ಇಬ್ಬರೂ ಸಾಲು ಸೇರಿಸುತ್ತಾರೆ. ಕೋಡ್ ಓದಿದರೆ ಚೆಂದ, ಆದರೆ ಒಂದು ಸೀಟಿಗೆ ಇಬ್ಬರು. ಕೇಳೋದು, ಹಿಡಿಯೋದು ಇಲ್ಲಿ ಒಂದೇ ಕೆಲಸ, ನಡುವೆ ಸಂದು ಇರಬಾರದು. "ಉಳಿದ ಸೀಟು ಸೊನ್ನೆಗಿಂತ ಜಾಸ್ತಿ ಇದ್ದರೆ ಮಾತ್ರ ಒಂದು ಕಳೆ" ಅಂತ ಒಂದೇ ಅಪ್‌ಡೇಟ್ ಬರೆಯಿರಿ, ಎಷ್ಟು ಸಾಲು ಬದಲಾಯಿತು ಅಂತ ನೋಡಿ. ಒಂದು ಬಂದರೆ ಸೀಟು ನಿಮ್ಮದು, ಸೊನ್ನೆ ಬಂದರೆ ತುಂಬಿದೆ. ಸೀಟು ಕಳೆಯೋದು, ನೋಂದಣಿಯ ಸಾಲು ಸೇರಿಸೋದು ಎರಡೂ ಒಂದೇ ಟ್ರಾನ್ಸ್ಯಾಕ್ಷನ್ (ಆದರೆ ಎಲ್ಲ ಆಗಬೇಕು, ಇಲ್ಲದಿದ್ದರೆ ಏನೂ ಆಗಬಾರದು ಅನ್ನುವ ಗುಂಪು) ಒಳಗೆ. ಇದಿಷ್ಟನ್ನು "ಸೀಟು_ಹಿಡಿ" ಅಂತ ಒಂದು ಫಂಕ್ಷನ್ ಮಾಡಿ. ಒಳಗೆ ಎಸ್‌ಕ್ಯೂಎಲ್ ಇರಲಿ, ತೊಂದರೆ ಇಲ್ಲ. ಹೊರಗಿನವರಿಗೆ ಅದು ಕಾಣದಿದ್ದರೆ ಸಾಕು. ಅದೇ ವ್ಯಕ್ತಿ ಅದೇ ಕೋರ್ಸ್‌ಗೆ ಎರಡು ಸಲ ಸೇರದಂತೆ ಟೇಬಲ್ ಮೇಲೇ ಯೂನಿಕ್ ಇಂಡೆಕ್ಸ್ ಹಾಕಿ. ಅದನ್ನು ಕೋಡ್‌ನಲ್ಲಿ ಎಷ್ಟು ಪರೀಕ್ಷೆ ಮಾಡಿದರೂ ಇದೇ ಸಂದು ಉಳಿಯುತ್ತದೆ.

ರೀಡೈರೆಕ್ಟ್ ಬಗ್ಗೆ ನೀವು ಹೇಳಿದ್ದು ಸರಿ. ಒಳಗಿನ ಫಂಕ್ಷನ್‌ಗೆ ತನ್ನನ್ನು ಕರೆದವರು ಬ್ರೌಸರೋ, ಮೊಬೈಲೋ, ಸ್ಕ್ರಿಪ್ಟೋ ಗೊತ್ತಿರಬಾರದು. ಅದು "ಸೇರಿಸಿದೆ", "ಸೀಟಿಲ್ಲ", "ಮೊದಲೇ ಸೇರಿದ್ದಾರೆ" ಅಂತ ಮೂರರಲ್ಲಿ ಒಂದನ್ನು ಹೇಳಿ ಸುಮ್ಮನಾಗಲಿ. ವೆಬ್ ಪುಟ ಆ ಉತ್ತರ ನೋಡಿ ರೀಡೈರೆಕ್ಟ್ ಮಾಡಲಿ, ಎಪಿಐ 409 (ಘರ್ಷಣೆ ಅಂತ ಹೇಳುವ ಎಚ್‌ಟಿಟಿಪಿ ಕೋಡ್) ಕೊಟ್ಟು ಜೇಸನ್ (ಪ್ರೋಗ್ರಾಮ್‌ಗಳು ಓದುವ ಪಠ್ಯ ರೂಪ) ಕಳಿಸಲಿ, ಸಿಎಸ್‌ವಿ ಪುಟ ಆ ಸಾಲನ್ನು ತಪ್ಪಿನ ಪಟ್ಟಿಗೆ ಹಾಕಲಿ. ಸೆಷನ್, ಕುಕಿ, ಫಾರ್ಮ್‌ನ ಹೆಸರುಗಳು ಇವ್ಯಾವೂ ಒಳಗೆ ಹೋಗದಂತೆ ನೋಡಿಕೊಳ್ಳಿ. ಹಾಗೆ ಮಾಡಿದರೆ ಎಪಿಐ ಬರೆಯೋದು ಅಂದರೆ ಇನ್ನೊಂದು ತೆಳು ಬಾಗಿಲು ಇಟ್ಟ ಹಾಗೆ, ಅಷ್ಟೇ ಕೆಲಸ.

ಹಳೇಟರ್ಮಿನಲ್

ಮೇಲ್ ಬಗ್ಗೆ: ಟ್ರಾನ್ಸ್ಯಾಕ್ಷನ್ ಒಳಗಿಂದ ಕಳಿಸಲೇಬೇಡಿ. ಮೇಲ್ ಹೋದ ಮೇಲೆ ಟ್ರಾನ್ಸ್ಯಾಕ್ಷನ್ ರೋಲ್‌ಬ್ಯಾಕ್ (ರದ್ದು) ಆದರೆ "ನೀವು ಸೇರಿದ್ದೀರಿ" ಅನ್ನುವ ಪತ್ರ ಹೋಗಿರುತ್ತದೆ, ಡೇಟಾಬೇಸ್‌ನಲ್ಲಿ ಸಾಲೇ ಇರಲ್ಲ. ಮೇಲ್ ಸರ್ವರ್ ನಿಧಾನ ಇದ್ದರೆ ಅಷ್ಟು ಹೊತ್ತೂ ಲಾಕ್ ಹಿಡಿದುಕೊಂಡು ಉಳಿದವರೆಲ್ಲ ಕಾಯಬೇಕು. ಕಮಿಟ್ (ಟ್ರಾನ್ಸ್ಯಾಕ್ಷನ್ ಪಕ್ಕಾ) ಆದ ಮೇಲೆ ಕಳಿಸೋಣ ಅಂದರೆ, ಆ ಎರಡರ ಮಧ್ಯೆ ಸರ್ವರ್ ಬಿದ್ದರೆ ಮೇಲ್ ಹೋಗೋದೇ ಇಲ್ಲ.

"ಕಳಿಸಬೇಕಾದ ಮೇಲ್" ಅಂತ ಒಂದು ಟೇಬಲ್ ಮಾಡಿ. ನೋಂದಣಿಯ ಸಾಲು ಸೇರಿಸುವ ಅದೇ ಟ್ರಾನ್ಸ್ಯಾಕ್ಷನ್‌ನಲ್ಲಿ ಇದಕ್ಕೂ ಒಂದು ಸಾಲು ಸೇರಿಸಿ. ಎರಡೂ ಉಳಿಯುತ್ತವೆ, ಇಲ್ಲ ಎರಡೂ ಹೋಗುತ್ತವೆ. ಬೇರೆ ಸ್ಕ್ರಿಪ್ಟ್ ಒಂದು ಆಗಾಗ ಬಂದು ಅಲ್ಲಿರೋದನ್ನು ಕಳಿಸಿ "ಹೋಯಿತು" ಅಂತ ಗುರುತು ಹಾಕುತ್ತದೆ. ಕಳಿಸಿ ಗುರುತು ಹಾಕುವ ಮೊದಲೇ ಅದು ನಿಂತರೆ ಒಂದು ಮೇಲ್ ಎರಡು ಸಲ ಹೋಗಬಹುದು. ನೋಂದಣಿ ಮೇಲ್ ಎರಡು ಸಲ ಬಂದರೆ ಯಾರಿಗೂ ನಷ್ಟ ಇಲ್ಲ, ಬರದೇ ಇದ್ದರೆ ಇದೆ. ಮುಂದೆ ಎಸ್‌ಎಂಎಸ್ ಬೇಕು ಅಂದರೆ ನೋಂದಣಿಯ ಕೋಡ್ ಮುಟ್ಟದೆ ಆ ಸ್ಕ್ರಿಪ್ಟ್ ಕಡೆಯೇ ಸೇರಿಸಬಹುದು.

ಎಪಿಐ ಬರುತ್ತಿರೋದರಿಂದ ಇನ್ನೊಂದನ್ನೂ ಈಗಲೇ ನೋಡಿ. ಹಳೇ ಪಿಎಚ್‌ಪಿ ಕೋಡ್‌ನಲ್ಲಿ ಫಾರ್ಮ್‌ನಿಂದ ಬಂದ ಹೆಸರನ್ನು ಮೊದಲೇ ಎಚ್‌ಟಿಎಂಎಲ್‌ಗೆ ಎಸ್ಕೇಪ್ ಮಾಡಿ (ವಿಶೇಷ ಚಿಹ್ನೆಗಳನ್ನು ಸಂಕೇತಗಳಾಗಿ ಬದಲಿಸಿ) ಹಾಗೇ ಟೇಬಲ್‌ಗೆ ಹಾಕಿರುವುದು ತುಂಬಾ ಸಲ ಕಾಣುತ್ತದೆ. ವೆಬ್ ಪುಟದಲ್ಲಿ ಸರಿಯಾಗಿಯೇ ಕಾಣುತ್ತದೆ. ಮೊಬೈಲ್‌ನಲ್ಲಿ ಹೆಸರಿನ ಮಧ್ಯೆ &#39; ಅಂತ ಬರುತ್ತದೆ, ಸಿಎಸ್‌ವಿಯಲ್ಲೂ ಅದೇ. ಡೇಟಾಬೇಸ್‌ನಲ್ಲಿ ಹೆಸರು ಬಂದ ಹಾಗೇ ಇರಬೇಕು. ಎಸ್‌ಕ್ಯೂಎಲ್‌ಗೆ ಕೊಡುವಾಗ ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಕ್ವೆರಿ ಬೇರೆ, ಅದರೊಳಗಿನ ಡೇಟಾ ಬೇರೆಯಾಗಿ ಕಳಿಸೋದು), ಎಚ್‌ಟಿಎಂಎಲ್ ಮಾಡುವಾಗ ಟೆಂಪ್ಲೇಟ್‌ನಲ್ಲಿ ಎಸ್ಕೇಪ್. ಎಲ್ಲಿ ಹೊರಗೆ ಹೋಗುತ್ತದೋ ಅಲ್ಲಿನ ಭಾಷೆಗೆ ತಕ್ಕ ಎಸ್ಕೇಪ್ ಅಲ್ಲಿಯೇ ಆಗಲಿ. ಹಳೇ ಸಾಲುಗಳನ್ನು ಒಮ್ಮೆ ಸ್ವಚ್ಛ ಮಾಡಬೇಕಾಗುತ್ತದೆ. ಎರಡೂ ಬದಲಾವಣೆ ಒಟ್ಟಿಗೇ ಹೋಗಬೇಕು ಅನ್ನೋದು ಮರೆಯಬೇಡಿ: ಟೆಂಪ್ಲೇಟ್ ಎಸ್ಕೇಪ್ ಮಾಡದೆ ಡೇಟಾ ಮಾತ್ರ ಸ್ವಚ್ಛ ಮಾಡಿದರೆ ಯಾರಾದರೂ ಹೆಸರಿನ ಜಾಗದಲ್ಲಿ ಸ್ಕ್ರಿಪ್ಟ್ ಬರೆದು ಓಡಿಸಬಹುದು.

ಬಿಡಿಎಳೆ

ಅಪ್‌ಡೇಟ್: ಶುಲ್ಕ ನೋಡುವವರನ್ನು ಕೇಳಿದೆ, 15ನೇ ದಿನವೂ ರಿಯಾಯಿತಿ ಸೇರುತ್ತದೆ ಅಂದರು. ಫಂಕ್ಷನ್ ಒಂದೇ ಆಗಿದೆ, ವೆಬ್ ಪುಟ, ರಾತ್ರಿಯ ಸ್ಕ್ರಿಪ್ಟ್ ಎರಡೂ ಅದನ್ನೇ ಕರೆಯುತ್ತಿವೆ. ಸಿಎಸ್‌ವಿ ಪುಟ ಇನ್ನೂ ಬಾಕಿ ಇದೆ, ಅಲ್ಲಿ ರಿಯಾಯಿತಿ ಕಳೆದ ಮೇಲೆ ಪೈಸೆಯನ್ನು ಕೆಳಕ್ಕೆ ಇಳಿಸುತ್ತಾರೆ, ವೆಬ್ ಪುಟ ಹತ್ತಿರದ ರೂಪಾಯಿಗೆ ತರುತ್ತದೆ. ನೀಲಿಕೊಡೆಯವರು ಹೇಳಿದ ಹಾಗೆ ಹಳೇ ನೋಂದಣಿಗಳನ್ನು ಓಡಿಸಿದ್ದರಿಂದಲೇ ಇದು ಕಂಡಿದ್ದು. ಆ ಪಟ್ಟಿಯನ್ನೂ ಕಳಿಸಿದ್ದೇನೆ, ಉತ್ತರ ಬಂದ ಮೇಲೆ ಆ ಪುಟ ಬದಲಿಸುತ್ತೇನೆ. ಅಷ್ಟರಲ್ಲಿ "ಸೀಟು_ಹಿಡಿ" ಶುರು ಮಾಡಿದ್ದೇನೆ.

ನೀಲಿಕೊಡೆ

ರೌಂಡ್ ಮಾಡೋದನ್ನೂ ಶುಲ್ಕ_ಲೆಕ್ಕದ ಒಳಗೇ ಇಡಿ, ಕರೆಯುವವರಿಗೆ ಬಿಡಬೇಡಿ. ಒಳಗೆ ದುಡ್ಡನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಹಿಡಿಯಿರಿ, ಫ್ಲೋಟ್ (ದಶಮಾಂಶ ಸಂಖ್ಯೆ) ಬೇಡ. ರೂಪಾಯಿ ಚಿಹ್ನೆ, ಅಲ್ಪವಿರಾಮ ಹಾಕಿ ತೋರಿಸೋದು ಮಾತ್ರ ಟೆಂಪ್ಲೇಟ್‌ನ ಕೆಲಸ.